ಒರಳುಕಲ್ಲಿನ ತನಕ ಹೋಗದ ಲಾಂಚು

ಇದು ನಡೆದದ್ದು ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ. ಅದರ ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಯಲ್ಲಾಪುರ ಕಡೆಯ ಹಿನ್ನೀರು ಸಿಕ್ಕಾಪಟ್ಟೆ ಇಳಿದಿತ್ತು. ನನ್ನದು ಶಿರಸಿಯಲ್ಲಿ ಸಣ್ಣ ಟೈಲರಿಂಗ್ ಅಂಗಡಿ. ಮದುವೆ ಸೀಸನ್ನಿನಲ್ಲಿ ಕೂತು ಉಣ್ಣಲಿಕ್ಕೂ ಪುರಸೊತ್ತು ಇರುವುದಿಲ್ಲ. ಅಂಥ ಹೊತ್ತಿನಲ್ಲೇ ಉಮ್ಮಚಗಿಯಿಂದ ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನಗೆ ತವರು ಅಂತ ಉಳಿದದ್ದು ಅವಳ ಮನೆಯೇ.

ಅಕ್ಕ ತಂಗಿಯರ ತವರುಮನೆ ಇದ್ದ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಬಹಳ ಕಾಲವಾಗಿತ್ತು. ಈಗ ನೀರು ಇಳಿದು ಅಂಗಳ ಮೇಲೆದ್ದಿದೆ, ಕೆಸರಿನಲ್ಲಿ ಒಂದು ಒರಳುಕಲ್ಲು ಕಾಣುತ್ತಿದೆ ಅಂತ ಮೀನು ಹಿಡಿಯಲು ಹೋದವರು ಯಾರೋ ದೊಡ್ಡಮ್ಮನಿಗೆ ಹೇಳಿದ್ದರು. ಮನೆ ಬಿಡುವಾಗ ಲಾರಿಯಲ್ಲಿ ಜಾಗ ಸಾಲದೆ ಒರಳನ್ನು ಅಲ್ಲೇ ಬಿಟ್ಟು ಬಂದಿದ್ದರಂತೆ. ಅದರ ಅಂಚಿನಲ್ಲಿ ಒಂದು ಮುಕ್ಕು ಇತ್ತು. ಚಿಕ್ಕವಳಿದ್ದಾಗ ನನ್ನಮ್ಮ ಗುಂಡುಕಲ್ಲು ಕೈಜಾರಿಸಿ ಮಾಡಿದ್ದು. ಬೈಸಿಕೊಂಡವಳು ಮಾತ್ರ ದೊಡ್ಡಮ್ಮ. ಈ ಕಥೆಯನ್ನು ಅವಳು ನನಗೆ ನೂರು ಸಲ ಹೇಳಿದ್ದಾಳೆ, ಪ್ರತಿ ಸಲವೂ ತಾನೇ ಮೊದಲು ನಕ್ಕಿದ್ದಾಳೆ. ತನ್ನ ಪೇಚಾಟಕ್ಕೆ ತಾನೇ ನಗುವ ಸ್ವಭಾವ ಅವಳದ್ದು. ಮಳೆ ಬಿದ್ದು ನೀರು ಏರುವುದರೊಳಗೆ ಆ ಕಲ್ಲನ್ನು ಒಂದು ಸಲ ಮುಟ್ಟಿ ಬರಬೇಕು ಅನ್ನುವುದೊಂದೇ ಅವಳ ಹಟ. ದೊಡ್ಡಪ್ಪನಿಗೆ ಮಂಡಿನೋವು, ದೋಣಿ ಹತ್ತುವ ಹಾಗಿಲ್ಲ. ಹಾಗಾಗಿ ನಾನೇ ಹೊರಟೆ.

ಬರುವಾಗ ಒಳ್ಳೇ ರವಿಕೆ ಕಣ ಒಂದು ತಗೊಂಡು ಬಾ ಅಂದಿದ್ದಳು. ನಮ್ಮಲ್ಲಿ ಉಡಿ ತುಂಬುವ ಕಣದ, ಅಂದರೆ ರವಿಕೆ ಬಟ್ಟೆಯ ತುಂಡಿನ, ಹಣೆಬರಹ ಎಲ್ಲರಿಗೂ ಗೊತ್ತಿದ್ದದ್ದೇ. ಈ ಮನೆಯಲ್ಲಿ ಕೊಟ್ಟದ್ದು ಆ ಮನೆಗೆ, ಆ ಮನೆಯದ್ದು ಇನ್ನೊಂದು ಮನೆಗೆ. ಯಾರೂ ಹೊಲಿಸುವುದಿಲ್ಲ, ಯಾರೂ ಎಸೆಯುವುದಿಲ್ಲ. ಅಂಥದ್ದು ಬೇಡ, ಹೊಸತೇ ಬೇಕು, ಹೊಳೆಗೆ ಬಿಡುವುದು ಅಂತ ಒತ್ತಿ ಹೇಳಿದ್ದಳು. ಹಸಿರು ಬಣ್ಣದ, ಕೆಂಪು ಅಂಚಿನ ಪಾಲಿಸ್ಟರ್ ಕಣವನ್ನು ನಾನೇ ಅಂಗಡಿಯಲ್ಲಿ ಅಳೆದು ಕತ್ತರಿಸಿದೆ.

ಲಾಂಚಿನ ಗಣಪಣ್ಣ ಅಂಕೋಲೆ ಕಡೆಯವರು. ಲಾಂಚೂ ಅಲ್ಲಿಯದ್ದೇ, ಹಿಂದೆ ಕಡಲಿಗೆ ಹೋಗುತ್ತಿದ್ದ ಮೀನು ದೋಣಿ. ನಡುವೆ ಹಲಗೆಯ ಮುಚ್ಚಳ, ಅದರಡಿ ಹಳೇ ಡೀಸೆಲ್ ಇಂಜಿನ್. ಇಂಜಿನ್ ತಣ್ಣಗಿರಲಿಕ್ಕೆ ಲಾಂಚಿನ ತಳದ ಜಾಲರಿಯಿಂದ ಹೊಳೆಯ ನೀರನ್ನೇ ಎಳೆದುಕೊಂಡು ಪಕ್ಕದ ಪೈಪಿನಿಂದ ಹೊರಗೆ ಉಗುಳುತ್ತದೆ. ಆ ನೀರು ಬೀಳುತ್ತಾ ಇದ್ದರೆ ಚಿಂತೆ ಇಲ್ಲ ಅಮ್ಮ ಅಂತ ಹತ್ತುವಾಗಲೇ ಗಣಪಣ್ಣ ತೋರಿಸಿದ್ದರು.

ಇಂಜಿನ್ ಚಾಲೂ ಆಯಿತು. ದಡದಿಂದ ಸ್ವಲ್ಪ ಮುಂದೆ ಹೋದದ್ದೇ ದೊಡ್ಡಮ್ಮ ಕಣ, ಅಕ್ಕಿ, ಅರಿಶಿನ ಕುಂಕುಮ, ಬಳೆ ಎಲ್ಲ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಬಹಳ ಹೊತ್ತು ಬಾಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ಬಗ್ಗಿ, ಲಾಂಚಿನ ಬದಿಯಲ್ಲೇ ಮೆಲ್ಲಗೆ ನೀರಿಗೆ ಬಿಟ್ಟಳು. ಗಣಪಣ್ಣನೂ ಕೈಮುಗಿದರು. ನಾನು ಫೋನಿನಲ್ಲಿ ಫೋಟೋ ತೆಗೆಯುವುದರಲ್ಲಿದ್ದೆ.

ಒಂದು ತಿರುವು ದಾಟುವುದರೊಳಗೆ ಬಣ್ಣ ಸುಟ್ಟ ವಾಸನೆ ಬಂತು. ನೋಡಿದರೆ ಪೈಪಿನ ನೀರು ತೊಟ್ಟಿಕ್ಕುವಷ್ಟಾಗಿದೆ. ಗಣಪಣ್ಣ ತಕ್ಷಣ ಇಂಜಿನ್ ಬಂದ್ ಮಾಡಿ ಮುಚ್ಚಳ ತೆಗೆದರು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಬೆಲ್ಟ್ ಎಳೆದು ನೋಡಿದರು, ಬಿಗಿಯಾಗಿಯೇ ಇತ್ತು. ನೀರು ಸೋಸುವ ಡಬ್ಬಿ ಬಿಚ್ಚಿದರು, ಒಳಗೆ ಎರಡು ಎಲೆಚೂರು ಬಿಟ್ಟರೆ ಏನಿಲ್ಲ. ಪಂಪಿನ ಒಳಗಿನ ರಬ್ಬರ್ ಚಕ್ರವನ್ನೂ ತೆಗೆದು ತಿರುಗಿಸಿ ನೋಡಿದರು, ಅದೂ ಸರಿ ಇತ್ತು. ಮತ್ತೆ ಚಾಲೂ ಮಾಡಿದರೆ ನೀರು ಚೆನ್ನಾಗಿಯೇ ಬಂತು. ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಸಣ್ಣದಾಗಿ ನಿಂತೇ ಹೋಯಿತು.

ಹೀಗೇ ಮತ್ತೊಮ್ಮೆ ಆಯಿತು. ಇಳಿದು ತಳ ನೋಡೋಣ ಅಂದರೆ ಅಲ್ಲಿ ಆಳ, ಸಾಲದ್ದಕ್ಕೆ ನೀರಿನೊಳಗೆಲ್ಲ ಮುಳುಗಿದ ಮರದ ಬೊಡ್ಡೆಗಳು. ನಮ್ಮಿಬ್ಬರನ್ನು ಲಾಂಚಿನಲ್ಲಿ ಬಿಟ್ಟು ಧುಮುಕಲು ಗಣಪಣ್ಣನಿಗೆ ಧೈರ್ಯ ಬರಲಿಲ್ಲ. ಹಳೇ ಇಂಜಿನ್ ಅಲ್ಲವಾ, ಗ್ಯಾಸ್ಕೆಟ್ ಹೋಗಿರಬೇಕು, ಹೀಗೇ ಓಡಿಸಿದರೆ ಜಾಮ್ ಆಗುತ್ತದೆ, ಇಲ್ಲಿ ಫೋನೂ ಹತ್ತುವುದಿಲ್ಲ ಅಂದರು. ಇನ್ನು ಎಷ್ಟು ದೂರ ಅಂತ ಕೇಳಿದೆ. ಆ ಗುಡ್ಡದ ಮೂಗು ದಾಟಿದರೆ ಆಯಿತು ಅಂದರು. ಒಮ್ಮೆ ನಿಲ್ಲಿಸಿ ಒಮ್ಮೆ ಓಡಿಸಿ ಹೇಗಾದರೂ ಮುಟ್ಟಬಹುದೇನೋ ಅಂತ ನಾನು ಲೆಕ್ಕ ಹಾಕುತ್ತಿದ್ದೆ.

ದೊಡ್ಡಮ್ಮ ಅಷ್ಟು ಹೊತ್ತೂ ಮುಂದುಗಡೆ ಕೂತು ಗುಡ್ಡದ ಕಡೆಗೇ ನೋಡುತ್ತಿದ್ದಳು. ತಿರುಗಿದಾಗ ಅವಳ ಮುಖ ನೋಡಲಾಗಲಿಲ್ಲ.

"ಗಂಗೆಗೆ ಆನು ಬಪ್ಪದು ಬ್ಯಾಡ ಕಾಣ್ತು ಕೂಸೇ. ಸಾಕು, ವಾಪಸ್ ಹೋಪನ" ಅಂದಳು. ತಾನು ಬರುವುದೇ ಗಂಗೆಗೆ ಬೇಡವಾಗಿದೆ ಅಂತ ಅವಳಿಗೆ ಅನಿಸಿಬಿಟ್ಟಿತ್ತು.

ನಿಲ್ಲುತ್ತ ಓಡುತ್ತ ದಡ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದೊಡ್ಡಮ್ಮ ಮೇಲೆ ಹೋಗಿ ನಾವು ಬಂದಿದ್ದ ರಿಕ್ಷಾದಲ್ಲಿ ಕೂತಳು. ಗಣಪಣ್ಣ ಸೊಂಟದ ತನಕ ನೀರಿಗಿಳಿದು ಲಾಂಚಿನ ತಳಕ್ಕೆ ಕೈಹಾಕಿ ತಡಕಿದರು. ಏನನ್ನೋ ಹಿಡಿದು ಜಗ್ಗಿದರು, ಒಂದೇ ಸಲಕ್ಕೆ ಬರಲಿಲ್ಲ. ಕೊನೆಗೆ ಹೊರಗೆ ಬಂದದ್ದು ಹಸಿರು ಬಟ್ಟೆ, ಕೆಂಪು ಅಂಚು. ಅಯ್ಯೋ ದೇವರೇ ಅನಿಸಿತು. ನಾನೇ ಕತ್ತರಿಸಿದ ಕಣ, ನನಗೆ ಗುರುತು ಸಿಗದೇ ಇರುತ್ತದೆಯೇ. ಅದರ ಒಂದು ಮೂಲೆ ಜಾಲರಿಯ ಸಂದಿಗೆ ಹೊಕ್ಕು ಕಚ್ಚಿಕೊಂಡಿತ್ತು. ಇಂಜಿನ್ ನಿಂತಾಗ ಬಟ್ಟೆ ಸಡಿಲಾಗಿ ಜೋತು ಬೀಳುತ್ತಿತ್ತು, ಚಾಲೂ ಮಾಡಿದ್ದೇ ನೀರಿನ ಜೊತೆ ಎಳೆದುಕೊಂಡು ಜಾಲರಿಗೆ ಅಂಟಿ ಬಾಯಿ ಮುಚ್ಚುತ್ತಿತ್ತು. ಇಂಜಿನ್ನಿಗೆ ಯಾವ ರೋಗವೂ ಇರಲಿಲ್ಲ. ಥೋ, ಇದು ನನ್ನ ತಲೆಗೇ ಹೊಳೆಯಲಿಲ್ಲವಲ್ಲ ಅಂತ ಗಣಪಣ್ಣ ಹಣೆ ಚಚ್ಚಿಕೊಂಡರು.

ಆಮೇಲೆ ರಿಕ್ಷಾದ ಕಡೆ ನೋಡಿ ದನಿ ಇಳಿಸಿದರು. "ಅಮ್ಮನಿಗೆ ಹೇಳೂದು ಬೇಡ. ತಾವೇ ಬಿಟ್ಟ ಕಣದಿಂದ ಹೀಗಾಯ್ತು ಅಂತ ಗೊತ್ತಾದ್ರೆ ನೊಂದ್ಕೊಳ್ತಾರೆ."

ನನಗೂ ಅದೇ ಸರಿ ಕಂಡಿತು. ಕಣವನ್ನು ಹಿಂಡಿ ನನ್ನ ಬ್ಯಾಗಿನ ತಳಕ್ಕೆ ತುರುಕಿದೆ.

ದಾರಿಯಲ್ಲಿ, ಇಂಜಿನ್ ಹಳೇದು, ನಾಲ್ಕು ದಿನದಲ್ಲಿ ಸರಿ ಮಾಡುತ್ತಾರಂತೆ, ಬರೋ ವಾರ ಮತ್ತೆ ಹೋಗೋಣ ಅಂದೆ. ಒಲ್ಲೆ ಅಂದಳು. ಬೇಡ ಅಂದವರ ಬಾಗಿಲನ್ನು ಮತ್ತೆ ಮತ್ತೆ ತಟ್ಟಬಾರದು ಅಂದಳು. ಎರಡು ಸಲ ಫೋನು ಮಾಡಿಯೂ ಕರೆದೆ, ಕೇಳಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು, ನೀರು ಏರಿತು. ಮುಂದಿನ ಬೇಸಿಗೆಯಲ್ಲಿ ಅಷ್ಟು ಇಳಿಯಲೇ ಇಲ್ಲ. ಅದರ ನಂತರದ ಚಳಿಗಾಲದಲ್ಲಿ ದೊಡ್ಡಮ್ಮ ಹೋಗಿಬಿಟ್ಟಳು. ಬೆಳಿಗ್ಗೆ ಎದೆನೋವು ಅಂದವಳು ಶಿರಸಿ ಆಸ್ಪತ್ರೆ ಮುಟ್ಟಲಿಲ್ಲ.

ಅವಳ ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ದೊಡ್ಡಪ್ಪ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು. ತವರುಮನೆ ಖಾಲಿ ಮಾಡಿದ ದಿನ ದೊಡ್ಡಮ್ಮ ಹೊಳೆಯ ದಡದಲ್ಲಿ ನಿಂತು ಮಣ್ಣು ತೂರಿ ಹೊಳೆಗೇ ಶಾಪ ಹಾಕಿದ್ದಳಂತೆ. ಆ ಕಣ ತಪ್ಪೊಪ್ಪಿಗೆಯ ಕಣ. ಗಂಗೆ ಅದನ್ನು ತೆಗೆದುಕೊಳ್ಳಲಿಲ್ಲ, ತನ್ನನ್ನು ಕ್ಷಮಿಸಲಿಲ್ಲ ಅಂತ ಕೊನೇ ತನಕ ಕೊರಗಿದಳಂತೆ. ಅದಕ್ಕೇ ಆ ಮೇಲೆ ಅವಳು ಒರಳಿನ ಕಥೆ ಹೇಳಿ ನಗುವುದನ್ನೇ ಬಿಟ್ಟಿದ್ದಳು, ನಾನು ಗಮನಿಸಿರಲಿಲ್ಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೋವಾಗದಿರಲಿ ಅಂತ ಮುಚ್ಚಿಟ್ಟದ್ದು ಅವಳಿಗೆ ಎಂಥ ನೋವಾಗಿ ಕೂತಿತ್ತು. ಅದೇ ದಿನ ರಿಕ್ಷಾದಲ್ಲಿ ಒದ್ದೆ ಕಣ ತೆಗೆದು ತೋರಿಸಿದ್ದರೆ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮರುವಾರ ತಾನೇ ಮೊದಲು ಲಾಂಚು ಹತ್ತುತ್ತಿದ್ದಳು. ಅವಳನ್ನು ಹುಟ್ಟಿದಾಗಿನಿಂದ ಬಲ್ಲ ನನಗೆ ಇಷ್ಟು ತಿಳಿಯಲಿಲ್ಲ.

ಈ ಬೇಸಿಗೆಯಲ್ಲಿ ನೀರು ಮತ್ತೆ ಇಳಿಯಿತು. ಗಣಪಣ್ಣನಿಗೆ ಫೋನು ಮಾಡಿ ಒಬ್ಬಳೇ ಹೋದೆ. ಇಂಜಿನ್ ಅದೇ, ಒಂದು ಸಲವೂ ಬಿಸಿಯಾಗಲಿಲ್ಲ. ಈಗ ಅವರು ಯಾರಿಗೂ ಲಾಂಚಿನಿಂದ ಏನನ್ನೂ ಬಿಡಲು ಕೊಡುವುದಿಲ್ಲವಂತೆ, ಪೂಜೆ ಏನಿದ್ದರೂ ದಡದಲ್ಲೇ. ಅಂದು ನಿಂತ ಜಾಗದಿಂದ ಗುಡ್ಡದ ಮೂಗು ದಾಟಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಒರಳು ಅಲ್ಲೇ ಇತ್ತು, ಅರ್ಧ ಕೆಸರಿನಲ್ಲಿ. ಅಂಚಿಗೆ ಮೆತ್ತಿದ್ದ ಮಣ್ಣನ್ನು ಕೈಯಲ್ಲೇ ತೊಳೆದೆ. ಮುಕ್ಕು ಇತ್ತು, ನನ್ನ ಹೆಬ್ಬೆರಳು ಕೂರುವಷ್ಟು. ಬ್ಯಾಗಿನಿಂದ ಆ ಹಸಿರು ಕಣ ತೆಗೆದು ಒರಳಿನ ಮೇಲೆ ಹಾಸಿದೆ. ಗಣಪಣ್ಣ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು.

ದೊಡ್ಡಮ್ಮ, ಗಂಗೆಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ, ಕಣ ಜಾಲರಿಗೆ ಸಿಕ್ಕಿಹಾಕಿಕೊಂಡಿತ್ತು ಅಷ್ಟೇ ಅಂತ ಗಟ್ಟಿಯಾಗಿಯೇ ಹೇಳಿದೆ. ಅವಳು ಬದುಕಿದ್ದಾಗ ಹೇಳಬೇಕಿದ್ದ ಮಾತು ಅದೊಂದೇ ಆಗಿತ್ತು.