ಕುದಿಸದ ಕಪ್ಪು

ಉಣ್ಣೆಯ ನೂಲಿಗೆ ಬಣ್ಣ ಹಾಕುವ ಆ ಗಿರಣಿಯಲ್ಲಿ ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ, ಬಣ್ಣ ನೋಡುವವರು. ಹಂಡೆಯಿಂದ ತೆಗೆದ ನೂಲಿನ ಎಳೆಯನ್ನು ಗಿರಾಕಿ ಕಳಿಸಿದ ಮಾದರಿಯ ಪಕ್ಕದಲ್ಲಿಟ್ಟು, ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ಸರಿ ಅಥವಾ ಸರಿಯಿಲ್ಲ ಎಂದು ಹೇಳುವುದಷ್ಟೇ ಅವರ ಕೆಲಸ. ಸರಿ ಎಂದರೆ ಚೀಟಿಯ ಮೇಲೆ ಅವರ ಸಹಿ ಬೀಳುತ್ತದೆ, ನೂಲು ಲಾರಿ ಹತ್ತುತ್ತದೆ. ಸರಿಯಿಲ್ಲ ಎಂದರೆ ಇನ್ನೂರು ಕಿಲೋ ನೂಲು ಮತ್ತೆ ಹಂಡೆಗೆ ಇಳಿಯುತ್ತದೆ, ಹಂಡೆಯವರು ಮನಸ್ಸಿನಲ್ಲೇ ಮೇಷ್ಟ್ರ ವಂಶವನ್ನೆಲ್ಲ ನೆನೆಯುತ್ತಾರೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒದ್ದೆ ನೂಲು ಹೊರಲು ಸೇರಿದ್ದ ಮೇಷ್ಟ್ರಿಗೆ ಈಗ ಐವತ್ತಾರು. ಇಪ್ಪತ್ತೆರಡು ವರ್ಷಗಳಿಂದ ಆ ಸಹಿ ಅವರದೇ. ಬಣ್ಣ ನೋಡುವ ಚಾಳಿ ಗಿರಣಿಯ ಗೇಟಿನ ಬಳಿ ನಿಲ್ಲುವಂಥದ್ದಲ್ಲ. ಹೆಂಡತಿ ಹೆರಿಗೆ ಕೋಣೆಯಲ್ಲಿದ್ದಾಗ, ಹೆಣ್ಣು ಮಗುವೆಂದು ಹೇಳಲು ಹೊರಗೆ ಬಂದ ನರ್ಸಿಗೆ ಅವರು ಹೇಳಿದ ಮೊದಲ ಮಾತು, ವಾರ್ಡಿನ ಎರಡು ಪರದೆಗಳು ಒಂದೇ ಸಲ ಹಂಡೆಗಿಳಿದವಲ್ಲ, ಬೇರೆ ಬೇರೆ ಲಾಟಿನವು ಎಂಬುದು. ಆ ಮಗುವಿಗೆ ಮದುವೆಯಾಗಿ ವರ್ಷಗಳಾದರೂ ಹೆಂಡತಿ ಅದನ್ನು ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ.

ನಲವತ್ತೆಂಟಕ್ಕೇ ಕೂದಲು ನರೆಯತೊಡಗಿದಾಗ ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಬೂದು ಕೂದಲು ಎಂಬುದೊಂದು ಇಲ್ಲವೇ ಇಲ್ಲ ಎಂಬುದು ಅವರ ವಾದವಾಗಿತ್ತು. ಹತ್ತಿರದಿಂದ ನೋಡಿದರೆ ಅಲ್ಲಿರುವುದು ಕಪ್ಪು ಎಳೆ ಮತ್ತು ಬಣ್ಣ ಕಳೆದುಕೊಂಡ ಎಳೆ, ಎರಡೇ; ದೂರದಿಂದ ನೋಡುವ ಕಣ್ಣು ಅವನ್ನು ಬೆರೆಸಿ ಬೂದು ಮಾಡಿಕೊಳ್ಳುತ್ತದೆ, ಎರಡು ಬಣ್ಣದ ನೂಲನ್ನು ಒಟ್ಟಿಗೆ ಹೊಸೆದಾಗ ಮೂರನೆಯದೊಂದು ಕಾಣುವ ಹಾಗೆ. ಹಾಗಾದರೆ ದೂರದಿಂದ ನೋಡುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹತ್ತಿರ ಕರೆದು ತೋರಿಸುತ್ತೀರಾ ಎಂದು ಹೆಂಡತಿ ಕೇಳುತ್ತಿದ್ದರು.

ತಲೆ ಕೆಟ್ಟದ್ದು ಒಂದು ಶುಕ್ರವಾರ. ಗಿರಣಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರು, ತನ್ನ ಜೊತೆಗೇ ಬಂದಿದ್ದ ಬಣ್ಣ ಅಳೆಯುವ ಯಂತ್ರದ ಬಗ್ಗೆ ಮಾತಾಡಲು ಅವರನ್ನು ಕೋಣೆಗೆ ಕರೆದರು. ವಯಸ್ಸಿನಲ್ಲಿ ಮಗನಂತಿದ್ದ ಆತ ಮಾತಿನಲ್ಲಿ ಬಹಳ ನಯ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗೆ ತಿರುಗುತ್ತದಂತೆ, ಅದು ಯಾರ ತಪ್ಪೂ ಅಲ್ಲ ಎಂದು ಆತ ಹೇಳಿದಾಗ ಆತನ ನೋಟ ಮೇಷ್ಟ್ರ ಕಣ್ಣಿನ ಮೇಲಿರಲಿಲ್ಲ, ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಸೋಮವಾರ ಒಂದು ಪರೀಕ್ಷೆ ಎಂದರು. ಮೂವತ್ತು ಜೊತೆ ನೂಲು. ಪ್ರತಿ ಜೊತೆಯನ್ನೂ ಒಂದೇ ಬಣ್ಣವೋ ಬೇರೆಯೋ ಎಂದು ಮೇಷ್ಟ್ರು ಬರೆಯಬೇಕು, ಯಂತ್ರವೂ ಅಳೆದಿರುತ್ತದೆ. ನಾಲ್ಕು ತಪ್ಪಿನವರೆಗೆ ಪರವಾಗಿಲ್ಲ. ಮೀರಿದರೆ ಸಹಿ ಮಾಡುವ ಕೆಲಸ ಯಂತ್ರದ ವಿಭಾಗಕ್ಕೆ ಹೋಗುತ್ತದೆ, ಮೇಷ್ಟ್ರಿಗೆ ಗೋದಾಮಿನಲ್ಲಿ ಕುರ್ಚಿ ಸಿಗುತ್ತದೆ.

ಪರೀಕ್ಷೆಗೆ ಮೇಷ್ಟ್ರು ಹೆದರಲಿಲ್ಲ. ಅವರನ್ನು ಚುಚ್ಚಿದ್ದು ಆ ನಾಲ್ಕು ಬೆರಳು. ಕೂದಲನ್ನು ನೋಡಿ ಕಣ್ಣಿನ ವಯಸ್ಸು ಲೆಕ್ಕ ಹಾಕುವವನ ಮುಂದೆ ಕಪ್ಪು ಕೂದಲಲ್ಲೇ ಹೋಗಿ ಕೂರಬೇಕು ಎಂದು ಅವರಿಗೆ ಅನಿಸಿತು. ಕೂದಲಿಗೂ ಕಣ್ಣಿಗೂ ಸಂಬಂಧವಿಲ್ಲವೆಂದು ಬಲ್ಲ ಮನುಷ್ಯ, ಸಂಬಂಧ ಕಲ್ಪಿಸಿದವನನ್ನು ಅವನ ದಾರಿಯಲ್ಲೇ ಸೋಲಿಸಲು ಹೊರಟಿದ್ದು ಹೀಗೆ.

ಅಂಗಡಿಯ ಹೇರ್ ಡೈ ತರಲೇ ಎಂದು ಹೆಂಡತಿ ಕೇಳಿದಾಗ ಮೇಷ್ಟ್ರು ಮೂಗು ಮುರಿದರು. ತೂಕ ನೋಡದೆ, ನೂಲು ನೋಡದೆ, ಊರಿನ ಎಲ್ಲ ತಲೆಗಳಿಗೂ ಮೂವತ್ತು ನಿಮಿಷ ಎಂದು ಬರೆಯುವವರನ್ನು ನಂಬುವುದುಂಟೇ? ಕೂದಲೂ ಉಣ್ಣೆಯೂ ಒಂದೇ ಜಾತಿಯ ವಸ್ತು. ಕುರಿಯ ಮೈಮೇಲಿದ್ದರೆ ಉಣ್ಣೆ, ಮನುಷ್ಯನ ತಲೆಯ ಮೇಲಿದ್ದರೆ ಕೂದಲು. ಮೂವತ್ತೇಳು ವರ್ಷ ಕುರಿಯ ಕೂದಲಿಗೆ ಬಣ್ಣ ಹಾಕಿದವರಿಗೆ ಸ್ವಂತ ತಲೆ ಯಾವ ದೊಡ್ಡ ಕಷ್ಟ? ಗಿರಣಿಯ ಬಣ್ಣದ ಡಬ್ಬದ ಮೇಲೆ ಚರ್ಮಕ್ಕೆ ತಗಲಿಸಬಾರದೆಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು ನಿಜ. ಅದು ಹೊಸಬರಿಗಾಗಿ ಬರೆದದ್ದು ಎಂದು ಅವರು ಲಾಗಾಯ್ತಿನಿಂದ ತಿಳಿದಿದ್ದರು.

ಆದರೂ ಅವರು ಪ್ರಯೋಗ ಮಾಡದೆ ಹೆಜ್ಜೆ ಇಡುವವರಲ್ಲ. ಭಾನುವಾರ ಹೆಂಡತಿ ತನ್ನ ತಾಯಿಯನ್ನು ಕರೆದುಕೊಂಡು ನೆಂಟರ ಮನೆಗೆ ಹೋದ ಮೇಲೆ, ಬಾಚಣಿಗೆಯಿಂದ ತಮ್ಮ ನರೆಗೂದಲು ಹತ್ತು ಎಳೆ ಬಿಡಿಸಿಕೊಂಡರು. ಹಳೆಯ ಸ್ಟೀಲ್ ಪಾತ್ರೆಯಲ್ಲಿ ನೀರು, ಒಂದಿಷ್ಟು ವಿನಿಗರ್, ಗಿರಣಿಯಿಂದ ಮಾದರಿಗೆಂದು ತಂದಿದ್ದ ಕಪ್ಪು ಪುಡಿ. ಅರ್ಧ ಗಂಟೆ ಕುದಿಸಿ ತೆಗೆದರೆ ಎಳೆಗಳು ಕಾಗೆಯ ರೆಕ್ಕೆಯಂತೆ ಕಪ್ಪು. ಕಿಟಕಿಗೆ ಹಿಡಿದು ನೋಡಿ, ರೂಢಿಬಲದಿಂದ ಸಹಿ ಹಾಕಲು ಚೀಟಿ ಹುಡುಕಿದರಂತೆ.

ಇನ್ನುಳಿದದ್ದು ಒಂದೇ ತೊಡಕು. ಎಳೆಗಳನ್ನು ಕುದಿಸಬಹುದು, ತಲೆಯನ್ನು ಕುದಿಸುವಂತಿಲ್ಲ.

ಶಾಖ ಕಡಿಮೆಯಾದರೆ ಸಮಯ ಹೆಚ್ಚಿಸಿದರಾಯಿತು ಎಂದು ಮೇಷ್ಟ್ರು ನಿರ್ಧರಿಸಿದರು. ಉಗುರುಬೆಚ್ಚಗಿನ ಬಣ್ಣವನ್ನು ತಲೆಗೆ ಬಳಿದು, ಬಿಸಿನೀರಲ್ಲಿ ಅದ್ದಿದ ಟವೆಲು ಸುತ್ತಿ, ಕಿಟಕಿಯಿಲ್ಲದ ಬಚ್ಚಲಮನೆಯ ಸ್ಟೂಲಿನ ಮೇಲೆ ಎರಡು ಗಂಟೆ ತಪಸ್ಸಿಗೆ ಕೂತರು. ತೊಳೆದು, ಹಳದಿ ಬಲ್ಬಿನ ಕೆಳಗೆ ಕನ್ನಡಿ ನೋಡಿಕೊಂಡರೆ ಕಪ್ಪು. ಹಿಂದೆ ಕಪ್ಪು, ಮುಂದೆ ಕಪ್ಪು, ಕಿವಿಯ ಪಕ್ಕದಲ್ಲೂ ಕಪ್ಪು. ಹತ್ತು ವರ್ಷ ಕಳಚಿ ಬಿದ್ದಂತಾಗಿ ಅವರು ಹಾಡು ಗುನುಗುತ್ತ ಹೊರಬಂದರು.

ಸಂಜೆ ನಾಲ್ಕಕ್ಕೆ ಬಾಗಿಲು ತೆರೆದಾಗ ಹೆಂಡತಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಮಾತಾಡಿದ್ದು ಅವರ ಹಿಂದಿದ್ದ ಅತ್ತೆ. ಎಂಬತ್ತೊಂದು ವರ್ಷದ ಆ ಹೆಂಗಸು ಅಳಿಯನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಅಳಿಯಂದ್ರೇ, ಶಾಯಿ ಬಾಟ್ಲಿ ಎಲ್ಲಿಂದ ಬಿತ್ತು, ಅಟ್ಟದ ಮೇಲಿಂದಾ?"

ಶಾಯಿಯಲ್ಲ, ಕಪ್ಪು ಎಂದು ಮೇಷ್ಟ್ರು ತಿದ್ದಿದರು. ನೀಲಿ ಎಂದರು ಹೆಂಡತಿ. ಕಪ್ಪು ಎಂದು ಮೇಷ್ಟ್ರು ದನಿ ಏರಿಸಿದರು; ಬಣ್ಣದ ವಿಷಯದಲ್ಲಿ ಈ ಮನೆಯಲ್ಲಿ ಯಾರ ಮಾತು ನಡೆಯಬೇಕೆಂದೂ ಕೇಳಿದರು. ಹೆಂಡತಿ ಮಾತು ಬೆಳೆಸದೆ ಒಳಗಿಂದ ಕೈಗನ್ನಡಿ ತಂದು, ಗಂಡನ ತೋಳು ಹಿಡಿದು ಕಿಟಕಿಯ ಹತ್ತಿರ ನಿಲ್ಲಿಸಿದರು.

ಮೇಷ್ಟ್ರು ನೋಡಿದರು. ಅದುವರೆಗೆ ಯಾವ ನೂಲನ್ನೂ ಒಂದೇ ದೀಪದ ಕೆಳಗೆ ನೋಡಿ ಪಾಸು ಮಾಡದಿದ್ದವರು ಸ್ವಂತ ತಲೆಯನ್ನು ಬಚ್ಚಲಮನೆಯ ಬಲ್ಬನ್ನು ನಂಬಿ ಪಾಸು ಮಾಡಿದ್ದರು. ಆಗಿದ್ದೇನೆಂದು ಅರ್ಥವಾಗಲು ಅವರಿಗೆ ಅರೆಗಳಿಗೆ ಸಾಕಾಯಿತು. ಗಿರಣಿಯ ಕಪ್ಪು ಒಂದು ಬಣ್ಣವಲ್ಲ, ನೇವಿ ನೀಲಿ, ಕಿತ್ತಳೆ ಮತ್ತು ಚೂರು ಕೆಂಪಿನ ಕೂಟ. ನೀಲಿ ಬೆಚ್ಚಗಿನ ನೀರಲ್ಲೇ ಎಳೆಗೆ ಹತ್ತಿಕೊಳ್ಳುತ್ತದೆ; ಉಳಿದೆರಡು ಕುದಿ ಬಂದ ಹೊರತು ಜಾಗ ಬಿಟ್ಟು ಕದಲುವುದಿಲ್ಲ. ಕುದಿ ಬಾರದ ತಲೆಯ ಮೇಲೆ ನೀಲಿಯೊಂದೇ ಬಂದು ಮನೆ ಮಾಡಿತ್ತು.

"ಹೌದು, ಒಂಚೂರು ನೀಲಿ ಛಾಯೆ ಇದೆ," ಎಂದು ಅವರು ಒಪ್ಪಿದರು.

"ಒಂಚೂರಾ?" ಎಂದರು ಹೆಂಡತಿ. ಆ ದನಿಯಲ್ಲಿ ನಗು ಇರಲಿಲ್ಲ. "ರೀ, ನಿಮಗೆ ಒಂಚೂರು ಅಂತ ಕಾಣ್ತಿದೆಯಾ?"

ಮೇಷ್ಟ್ರು ಕೈಗನ್ನಡಿಯನ್ನು ಇನ್ನೊಮ್ಮೆ ಬೆಳಕಿಗೆ ತಿರುಗಿಸಿದರು. ತಲೆ ನೀಲಿಯಾದದ್ದು ನಗೆಪಾಟಲು, ಹಾಗೆಂದು ಬಿಡಬಹುದು. ಆದರೆ ಎಲ್ಲರಿಗೂ ಅಷ್ಟು ಕಾಣುವ ನೀಲಿ ತಮಗೆ ಇಷ್ಟೇ ಏಕೆ ಕಾಣಬೇಕು? ಬಲ್ಬು ಒಮ್ಮೆ ಮೋಸ ಮಾಡಿತು, ಸರಿ. ಈಗ ಎದುರಿಗಿರುವುದು ಕಿಟಕಿ.

ಅವರು ತಮ್ಮ ನೂಲಿನ ಪೆಟ್ಟಿಗೆ ತಂದರು. ನೇವಿ ಮತ್ತು ಕಪ್ಪಿನ ಹನ್ನೆರಡು ತುಂಡುಗಳನ್ನು ಕಿಟಕಿಯ ಕೆಳಗಿನ ಮೇಜಿನ ಮೇಲೆ ಹರಡಿ, ಬೇರೆ ಮಾಡು ಎಂದು ಹೆಂಡತಿಗೆ ಹೇಳಿದರು. ಕಾಫಿ ಆರುವುದರೊಳಗೆ ಕೆಲಸ ಮುಗಿಯಿತು. ಆಮೇಲೆ ತುಂಡುಗಳನ್ನು ಕಲೆಸಿ ತಾವು ಕೂತರು. ಬಹಳ ಹೊತ್ತು ಕೂತರು. ಎರಡು ನೇವಿಗಳು ಕಪ್ಪಿನ ಗುಂಪಿಗೆ ಹೋದವು. ಆ ಎರಡನ್ನೂ ಹೆಕ್ಕಿ ತೆಗೆದು ಈಚೆಗಿಟ್ಟದ್ದು ಹೆಂಡತಿಯಲ್ಲ, ಪಕ್ಕದಲ್ಲಿ ನಿಂತಿದ್ದ ಅತ್ತೆ.

ಎಂಬತ್ತೊಂದರ ಕಣ್ಣಿಗೆ ಕಂಡದ್ದು ಐವತ್ತಾರರ ಕಣ್ಣಿಗೆ ಕಾಣಲಿಲ್ಲವೆಂದರೆ ಅದರಲ್ಲಿ ಮಾಯೆಯೇನೂ ಇಲ್ಲ. ಹೋದ ವರ್ಷ ಅತ್ತೆಯವರಿಗೆ ಪೊರೆಯ ಆಪರೇಷನ್ ಆಗಿತ್ತು. ಹಳದಿಯಾದ ಹಳೆ ಮಸೂರ ತೆಗೆದು ತಿಳಿಯಾದ ಹೊಸದನ್ನು ಕೂರಿಸಿದ್ದರು. ಆವತ್ತಿನಿಂದ ಅವರು ಆಕಾಶವನ್ನು ಯಾರೋ ತೊಳೆದಿದ್ದಾರೆ ಎನ್ನುತ್ತಿದ್ದರು, ಮೇಷ್ಟ್ರು ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ನಿಮಗೂ ಪೊರೆ ಶುರುವಾಗಿರಬೇಕು, ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಅತ್ತೆ ಈಗ ಸಮಾಧಾನ ಹೇಳಿದರು. ಹಾಗೆ ನೋಡಿದರೆ ಆ ಮ್ಯಾನೇಜರು ಹೇಳಿದ್ದೂ ಅದನ್ನೇ.

ಆಮೇಲಿನ ಎರಡು ಗಂಟೆ ಮನೆಯವರೆಲ್ಲ ಆ ತಲೆಯ ಮೇಲೆ ದುಡಿದರು. ಶಾಂಪೂ ಹಾಕಿದ್ದಾಯಿತು, ಅಡುಗೆ ಸೋಡಾ ಉಜ್ಜಿದ್ದಾಯಿತು. ನೀಲಿ ಕೂದಲಿನಿಂದ ಟವೆಲಿಗೆ, ಟವೆಲಿನಿಂದ ಕಿವಿಗೆ, ಕಿವಿಯಿಂದ ಹೆಂಡತಿಯ ಬೆರಳಿಗೆ ಹರಡಿತೇ ಹೊರತು ಕೂದಲನ್ನು ಬಿಡಲಿಲ್ಲ. ಹಾಕಿದ ಬಣ್ಣ ಬಿಡಬಾರದೆಂಬುದೇ ಗಿರಣಿಯ ಹೆಗ್ಗಳಿಕೆ. ಬೋಳಿಸಿಬಿಡಿ ಎಂದು ಅತ್ತೆ ಸಲಹೆ ಕೊಟ್ಟರು. ಬೋಳುತಲೆಯಲ್ಲಿ ಹೋದರೆ ಏನಾಯಿತೆಂದು ನೂರು ಜನಕ್ಕೆ ವಿವರಿಸಬೇಕು, ನೀಲಿ ತಲೆಯಾದರೆ ವಿವರಿಸುವ ಕೆಲಸವೇ ಇಲ್ಲ ಎಂದು ಮೇಷ್ಟ್ರು ಹೇಳಿದಾಗ ಹೆಂಡತಿ ತಡೆಯಲಾರದೆ ನಕ್ಕರು. ನಗುತ್ತಲೇ ಕೇಳಿದರು:

"ನಾಳೆ ಏನ್ಮಾಡ್ತೀರಿ?"

ಮೇಷ್ಟ್ರು ಟವೆಲು ಹಿಂಡಿ ಇನ್ನೊಮ್ಮೆ ತಲೆ ಉಜ್ಜತೊಡಗಿದರು.

ಸೋಮವಾರ ಗಿರಣಿಯ ಅಂಗಳ ದಾಟುವಾಗ ಹಂಡೆಯವರ ಮಾತು ನಿಂತಿತು. ಇನ್ನೂರು ಕಿಲೋ ನೂಲನ್ನು ಮತ್ತೆ ಹಂಡೆಗಿಳಿಸಬಲ್ಲ ಮನುಷ್ಯನ ತಲೆಯ ಬಗ್ಗೆ ಅಭಿಪ್ರಾಯ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರೆಲ್ಲ ಒಟ್ಟಿಗೆ ಬಗ್ಗಿ ಪೈಪುಗಳ ಕಡೆ ಗಮನ ಕೊಟ್ಟರು. ಪ್ರಯೋಗಶಾಲೆಯ ಬಾಗಿಲಲ್ಲಿ ಮಾತ್ರ, ಆರು ವರ್ಷ ಅವರ ಕೈಕೆಳಗೆ ಪಳಗಿದ್ದ ಕೆಮಿಸ್ಟ್ ಹೆಂಗಸು ಒಂದು ಕ್ಷಣ ತಲೆಯನ್ನು ಪರಿಶೀಲಿಸಿ, ವೃತ್ತಿಯ ದನಿಯಲ್ಲಿ ಕೇಳಿದಳು:

"ಕುದಿಸಲಿಲ್ವಾ ಸರ್?"

"ಎಲ್ಲಿ ಕುದಿಸ್ಲಮ್ಮ," ಎಂದರು ಮೇಷ್ಟ್ರು.

"ಕಿತ್ತಳೆ ಹತ್ತಿಲ್ಲ," ಎಂದು ಅವಳು ತಲೆಯಾಡಿಸಿದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಮ್ಯಾನೇಜರು ಸಭ್ಯ ಮನುಷ್ಯ. ಪರೀಕ್ಷೆ ಮುಗಿಯುವವರೆಗೆ ಮೇಷ್ಟ್ರ ಗದ್ದಕ್ಕಿಂತ ಮೇಲೆ ನೋಡಲಿಲ್ಲ. ಮೂವತ್ತು ಜೊತೆಗಳೂ ಉತ್ತರದ ಕಿಟಕಿಯ ಮೇಜಿನ ಮೇಲಿದ್ದವು. ಕೆಂಪು, ಕಂದು, ಹಸಿರುಗಳನ್ನು ಮೇಷ್ಟ್ರು ಸೊಪ್ಪು ಬಿಡಿಸಿದಂತೆ ಬಿಡಿಸಿ ಮುಗಿಸಿದರು. ಮುಟ್ಟಿದ ಮರುಕ್ಷಣ ಉತ್ತರ. ಇಪ್ಪತ್ತೈದು ಜೊತೆಗಳಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೊನೆಗೆ ಉಳಿದದ್ದು ನೇವಿ ಮತ್ತು ಕಪ್ಪಿನ ಐದು ಜೊತೆ.

ಹೋದ ವಾರವಾಗಿದ್ದರೆ ಅವರು ಆ ಐದಕ್ಕೂ ಕಣ್ಣು ಮಿಟುಕಿಸದೆ ಬರೆಯುತ್ತಿದ್ದರು. ಈಗ ಪೆನ್ನು ನಿಂತಿತು. ಲೆಕ್ಕ ಅವರಿಗೆ ತಿಳಿಯದ್ದಲ್ಲ. ಉಳಿದವುಗಳ ಬಗ್ಗೆ ಅವರಿಗೆ ಸಂಶಯವಿರಲಿಲ್ಲ; ಈ ಐದನ್ನು ಕಣ್ಣು ಮುಚ್ಚಿ ಊಹಿಸಿದರೂ ಐದಕ್ಕೈದೂ ತಪ್ಪಾಗುವುದು ಮೂವತ್ತೆರಡು ಸಲದಲ್ಲಿ ಒಂದು ಸಲ. ನಾಲ್ಕು ತಪ್ಪಿಗೆ ಮಾಫಿ ಇದೆ. ಅಂದರೆ ಸುಮ್ಮನೆ ಗೀಚಿದರೆ ಸಾಕು, ಸಹಿ ಉಳಿಯುತ್ತದೆ. ಉಳಿದ ಮೇಲೆ ದಿನಾ ಬರುವ ನೇವಿ ನೂಲನ್ನೂ ಹೀಗೆಯೇ ಊಹಿಸಿ ಲಾರಿ ಹತ್ತಿಸಬೇಕಾಗುತ್ತದೆ.

ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಆಮೇಲೆ ಐದೂ ಜಾಗಗಳಲ್ಲಿ ಒಂದೇ ಮಾತು ಬರೆದರು: ಗೊತ್ತಾಗುತ್ತಿಲ್ಲ.

ಮ್ಯಾನೇಜರು ಹಾಳೆಯನ್ನು ಯಂತ್ರದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು. ಮೊದಲ ಇಪ್ಪತ್ತೈದರಲ್ಲಿ ಒಂದೇ ಕಡೆ ಭಿನ್ನ. ಯಂತ್ರ ಒಂದೇ ಎಂದಿದ್ದ ಕಂದು ಜೊತೆಯನ್ನು ಮೇಷ್ಟ್ರು ಬೇರೆ ಎಂದಿದ್ದರು. ಕೆಮಿಸ್ಟ್ ಆ ಜೊತೆಯನ್ನು ಮೊದಲು ಕೋಣೆಯ ಟ್ಯೂಬ್‌ಲೈಟಿಗೆ, ಆಮೇಲೆ ಕಿಟಕಿಗೆ ಹಿಡಿದು ತೋರಿಸಿದಳು. ಒಂದರಲ್ಲಿ ಅವಳಿ, ಇನ್ನೊಂದರಲ್ಲಿ ದೂರದ ನೆಂಟರು. ಯಂತ್ರಕ್ಕೆ ಒಂದೇ ದೀಪದ ಲೆಕ್ಕ ಕೊಟ್ಟಿದ್ದರಿಂದ ಹಾಗಾಗಿತ್ತು. ಆ ಒಂದನ್ನು ತೆಗೆದುಹಾಕಿದರೂ ಗೊತ್ತಾಗುತ್ತಿಲ್ಲ ಎಂದ ಐದು ಹಾಗೆಯೇ ಉಳಿದವು. ಉತ್ತರ ಕೊಡದಿದ್ದರೆ ತಪ್ಪೆಂದೇ ಲೆಕ್ಕ, ನಿಯಮ ನಿಯಮವೇ ಎಂದು ಮ್ಯಾನೇಜರು ಬಹಳ ಕಷ್ಟಪಟ್ಟು ಹೇಳಿ, ಊಹಿಸಿಯಾದರೂ ಬರೆಯಬಹುದಿತ್ತಲ್ಲ ಮೇಷ್ಟ್ರೇ ಎಂದು ಮೆಲ್ಲಗೆ ಕೇಳಿದರು. ಆಗ ಮೊದಲ ಸಲ ಆತನ ನೋಟ ಮೇಲಕ್ಕೇರಿ ತಲೆಯ ಮೇಲೆ ನಿಂತಿತು.

"ನಿನ್ನೆ ಊಹಿಸಿದ್ದೆ ಸ್ವಾಮಿ," ಎಂದರು ಮೇಷ್ಟ್ರು. "ಫಲಿತಾಂಶ ನೋಡ್ತಾ ಇದ್ದೀರಲ್ಲ."

ಮೂವರೂ ನಕ್ಕ ಮೇಲೆ ಮಾತು ಸಲೀಸಾಯಿತು. ಇರುವುದನ್ನು ಇದ್ದಂತೆ ಹೇಳುತ್ತೇನೆಂದು ಮೇಷ್ಟ್ರು ತಾವೇ ಶುರುಮಾಡಿದರು: ನೀಲಿ ಮತ್ತು ಕಪ್ಪು ತಮ್ಮ ಕೈಬಿಟ್ಟಿವೆ, ಅವನ್ನು ಯಂತ್ರದ ಜೊತೆಗೆ ಈ ಹುಡುಗಿಯ ಕಣ್ಣಿಗೆ ಒಪ್ಪಿಸಿ, ಸಹಿ ಅವಳದಿರಲಿ. ಉಳಿದ ಬಣ್ಣಗಳಲ್ಲಿ ತಮಗಿನ್ನೂ ಯಂತ್ರಕ್ಕೆ ಪಾಠ ಹೇಳಲು ಬರುತ್ತದೆ. ಗೋದಾಮಿನ ಕುರ್ಚಿ ಬೇಕೇ ಬೇಕೆಂದಾದರೆ ಅದೂ ಸರಿ. ಮ್ಯಾನೇಜರು ಆ ಹಾಳೆಯನ್ನು ಎರಡು ಸಲ ಓದಿದರು. ತನಗೆ ತಿಳಿಯದ್ದು ಯಾವುದೆಂದು ತಿಳಿದಿರುವ ಸಾಧನವೊಂದು ಈ ಗಿರಣಿಯಲ್ಲಿದೆ, ಅದು ತಾನು ತಂದ ಯಂತ್ರವಲ್ಲ ಎಂಬುದು ಆತನಿಗೆ ಹೊಳೆದಿರಬೇಕು. ಗೋದಾಮಿನ ಮಾತು ಮತ್ತೆ ಎತ್ತಲಿಲ್ಲ. ಚೀಟಿಯಲ್ಲಿ ಎರಡು ಸಹಿಗೆ ಜಾಗ ಮಾಡಿಸುವುದಾಗಿ ಹೇಳಿದರು.

ಮಧ್ಯಾಹ್ನ ಮೂರಕ್ಕೆ ನೇವಿಯ ಲಾಟು ಹಂಡೆಯಿಂದ ಎದ್ದಿತು. ಕೆಮಿಸ್ಟ್ ಎಳೆಯನ್ನು ಕಿಟಕಿಗೆ ಹಿಡಿದಳು, ತಿರುಗಿಸಿದಳು, ಹುಬ್ಬು ಗಂಟಿಕ್ಕಿದಳು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಣ್ಣಿಗೆ ಅದರಲ್ಲಿ ಎಳ್ಳಷ್ಟೂ ಕೊರತೆ ಕಾಣಲಿಲ್ಲ.

"ಸರಿಯಿಲ್ಲ ಸರ್. ಕೆಂಪು ಜಾಸ್ತಿ ಆಗಿದೆ."

ಮೇಷ್ಟ್ರು ಎಳೆಯನ್ನೊಮ್ಮೆ ನೋಡಿದರು, ಅವಳ ಮುಖವನ್ನೊಮ್ಮೆ ನೋಡಿದರು. ಇಪ್ಪತ್ತೆರಡು ವರ್ಷಗಳಲ್ಲಿ ತಾವು ಕಾಣದ ತಪ್ಪನ್ನು ಅವರು ಒಪ್ಪಿದ್ದು ಅದೇ ಮೊದಲು. ಬಾಗಿಲಿಗೆ ಹೋಗಿ, ಅಂಗಳದವರಿಗೆಲ್ಲ ಕೇಳುವಂತೆ, ಲಾಟನ್ನು ಮತ್ತೆ ಹಂಡೆಗೆ ಇಳಿಸಲು ಹೇಳಿದರು. ಹಂಡೆಯವರು ಗೊಣಗುತ್ತ ಆವಿಯ ತಿರುಪನ್ನು ತೆರೆದರು.