ಕಾಕುಗ ಇಲ್ಲದ ಬ್ಯಾನಿ ಇರಲಿಲ್ಲ

ಕಾಕುನ ಬಲಗೈ ತೋರುಬೆರಳು ಕರ್ರಗಿತ್ತು ನೋಡ್ರಿ. ಉಳಿದ ಬೆರಳೆಲ್ಲಾ ಮಾಮೂಲಿ, ಅದೊಂದೇ ಸುಟ್ಟ ಬದನಿಕಾಯಿ ತೊಟ್ಟಿನಂಗ. ಮಿಶ್ರಿ ತಿಕ್ಕಿ ತಿಕ್ಕಿ ಹಂಗ ಆಗಿತ್ತು. ಮಿಶ್ರಿ ಅಂದ್ರ ಏನಂತ ಗೊತ್ತಿಲ್ಲದವರಿಗಿ ಹೇಳ್ತೀನಿ: ತಂಬಾಕು ಹಂಚಿನ ಮ್ಯಾಲ ಕರ್ರಗ ಹುರದು ಪುಡಿ ಮಾಡೂದು, ಮುಂಜಾನಿ ಎದ್ದು ಹಲ್ಲಿಗಿ ತಿಕ್ಕೋತ ಕೂಡೂದು. ಕೆಟ್ಟ ಚಟ ಅದು, ಯಾರೂ ಕಲೀಬ್ಯಾಡ್ರಿ. ಆದ್ರ ಆ ಕರೀ ಬೆರಳು ನೆನಪಾದ್ರ ನನಗ ಇವತ್ತಿಗೂ ನಗು ಬರ್ತದ, ಹಿಂದೇ ಕಣ್ಣಾಗ ನೀರೂ ಬರ್ತಾವ.

ಬೀದರದಾಗ ನೌಬಾದ ಕಡಿ ಸರ್ಕಾರ ಕಟ್ಟಿಸಿಕೊಟ್ಟ ಕಾಲೋನಿ ನಮ್ದು. ಮನಿ ಮ್ಯಾಲ ಮನಿ, ಅದರ ಮ್ಯಾಲ ಮತ್ತೊಂದು ಮನಿ, ಎಲ್ಲಾರಿಗೂ ಸೇರಿ ಒಂದೇ ಮೆಟ್ಟಿಲು. ನಾ ಭಾಲ್ಕಿಯಿಂದ ಲಗ್ನಾ ಆಗಿ ಬಂದಾಕಿ. ಬಾಜು ಮನಿ ಕಾಕು, ಅಂದ್ರ ನಮಗೆಲ್ಲಾ ಚಿಗವ್ವ ಇದ್ದಂಗ, ಔರಾದ ತಾಲೂಕಿನ ಡಾಬಕಾದಾಕಿ. ಅಲ್ಲಿಂದ ಜರಾ ಮುಂದ ಹೋದ್ರ ಮಹಾರಾಷ್ಟ್ರ. ಅದಕ್ಕ ಅಕಿ ಮಾತು ಅರ್ಧ ಕನ್ನಡ, ಅರ್ಧ ಮರಾಠಿ, ಸಿಟ್ಟು ಬಂದ್ರ ಪೂರಾ ಉರ್ದು. ಹುಣ್ಣಿವಿಗಿ ಬಿಳಿ ಸೀರಿ ಉಟ್ಟು ಬುದ್ಧ ವಿಹಾರಕ್ಕ ಹೋಗಾಕಿ. ಉಳಿದ ದಿನಾ ಎಲ್ಲಾ ಕೆಳಗಿನ ಮೆಟ್ಟಿಲ ಮ್ಯಾಲೇ ಅಕಿ ಬೈಠಕ್. ಅಕಿನ್ನ ದಾಟಿ ಮ್ಯಾಲ ಹೋಗೂದು ಸುಮ್ನ ಮಾತಲ್ಲ.

"ಏನ್ ತಂದಿ ಚೀಲದಾಗ?"

"ಮೆಂತ್ಯಾ ಪಲ್ಯಾರಿ ಕಾಕು."

"ಬಾಡ್ಯಾವಲ್ಲ! ನಿನ್ನ ಗಂಡನ ಮಾರಿನಂಗ ಆಗ್ಯಾವ. ನಡಿ, ನಡಿ."

ಅಕಿ ಗಂಡ ಕಾಕಾ ರಿಟೈರಾದ ಗೌಂಡಿ, ಮಾತೇ ಆಡದ ಮನಷ್ಯಾ. "ನಿಮ್ಮ ಕಾಕು ನನ್ನ ಪಾಲಿಂದೂ ಸೇರಿಸಿ ಮಾತಾಡ್ತಾಳ" ಅಂದು ಮತ್ತ ಬೀಡಿ ಹಚ್ಚತಿದ್ರು.

ಈಗ ಸರ್ವೆ ವಿಷಯಕ್ಕ ಬರ್ತೀನಿ. ಒಂದು ಸಂಸ್ಥಾದವರು ಬಂದ್ರು. ಈ ಕಾಲೋನಿ ಮಂದಿಗಿ ಏನೇನ್ ತಕ್ಲೀಫ್ ಅದ, ದವಾಖಾನಿದು ಏನೇನ್ ಬೇಕಾಗ್ಯದ, ಮನಿ ಮನಿಗಿ ಹೋಗಿ ಕೇಳಬೇಕು. ಹೆಣ್ಣುಮಕ್ಕಳ ತಕ್ಲೀಫ್ ಭಾಳ ಅದ ಅಂತ ಗೊತ್ತಾದ್ರ ವಾರಕ್ಕೊಮ್ಮಿ ಲೇಡಿ ಡಾಕ್ಟರ್ ಇಲ್ಲೇ ನಮ್ಮ ಸಮುದಾಯ ಭವನಕ್ಕ ಬರ್ತಾಳ. ಇಲ್ಲಂದ್ರ ಡಾಕ್ಟರು ಬ್ಯಾರೆ ಕಾಲೋನಿಗಿ. ನಾ ಪಿಯುಸಿ ಓದಿದ್ದೆ, ಕೇಳೂ ಕೆಲಸ ನನಗೇ ಕೊಟ್ರು. ಹೊಸಾ ಡ್ರೆಸ್ ಹಾಕ್ಕೊಂಡು ಜೋರಲೇ ಹೊಂಟೆ.

ಮೊದಲನೇ ಮನಿ: "ಆರಾಮ ಅದೀವ್ರಿ." ಎರಡನೇ ಮನಿ: "ಆರಾಮ." ಮುಂದಿನ ಮನ್ಯಾಗ ಆ ಬಾಯಿ (ನಮ್ಮ ಕಡಿ ಹೆಂಗಸಿಗಿ ಬಾಯಿ ಅಂತೀವಿ) ಸೊಂಟಾ ಹಿಡ್ಕೊಂಡೇ ಬಾಗಲಿಗಿ ಬಂದ್ಳು, "ಆರಾಮ ಅದೀನ್ರಿ" ಅಂದ್ಳು, ಸೊಂಟಾ ಹಿಡ್ಕೊಂಡೇ ಒಳಗ ಹೋದ್ಳು. ನಮ್ಮ ಕಾಲೋನಿಯಷ್ಟು ಗಟ್ಟಿಮುಟ್ಟಾದ ಮಂದಿ ಇಡೀ ಬೀದರದಾಗೇ ಇಲ್ಲ ಅಂತ ಬರೀಬೇಕಾಗಿತ್ತು!

ತಪ್ಪು ಅವರದೂ ಅಲ್ಲ. ನಮ್ಮ ಕಡಿ ಬ್ಯಾನಿ ಮೈಮ್ಯಾಲ ಇಟ್ಟು ಹೇಳಬಾರದು. ಯಾರಿಗೋ ಕುತ್ತಿಗ್ಯಾಗ ಹುಣ್ಣಾಗ್ಯದ ಅಂತ ನಾ ಸಣ್ಣಾಕಿದ್ದಾಗ ನನ್ನ ಕುತ್ತಿಗಿ ಮುಟ್ಟಿ ತೋರಿಸಿದ್ರ ನಮ್ಮವ್ವ ಭಾಲ್ಕಿ ತುಂಬಾ ಕೇಳೂಹಂಗ ಒದರತಿದ್ಳು, "ಮೈಮ್ಯಾಲ ಬ್ಯಾಡs! ಗ್ವಾಡಿ ಮ್ಯಾಲ ತೋರಿಸು!" ಮುಟ್ಟಿ ಹೇಳಿದ್ರ ಆ ಬ್ಯಾನಿ ನಮಗೇ ಬರ್ತದಂತ. ಇನ್ನ ಖರೇನೇ ಇದ್ದ ಬ್ಯಾನಿ ಬಾಯಿಲೆ ಹೇಳೂದು ದೂರ ಉಳೀತು.

ಸಂಜಿಕಿ ಮಾರಿ ಸಣ್ಣದ ಮಾಡ್ಕೊಂಡು ಮೆಟ್ಟಿಲ ಮ್ಯಾಲ ಕೂತೆ. ಕಾಕು ಕೇಳಿದ್ಳು, ಹೇಳಿದೆ.

"ನಾಳಿಗಿ ನಾ ಬರ್ತೀನಿ ನಡಿ," ಅಂದ್ಳು. "ಆ ಡ್ರೆಸ್ ಹಾಕೋಬ್ಯಾಡ. ಬ್ಯಾಂಕಿನಿಂದ ವಸೂಲಿಗಿ ಬಂದಾಕಿನಂಗ ಕಾಣ್ತಿ."

ಮರುದಿನ ಸೊಂಟದ ಬಾಯಿ ಮನ್ಯಾಗೇ ಹೋಗಿ ಕೂತೀವಿ. ಚಾ ಬಂತು, ಬಟ್ಟಲದಾಗ ಚುರಮುರಿ ಸುಸಲಾ ಬಂತು, ಬಾಜು ಮನಿ ಹೆಂಗಸರೂ ಬಂದ್ರು. ನಾ ಬಾಯಿ ತಗಿಯೂದ್ರಾಗ ಕಾಕು ಕರೀ ಬೆರಳು ತನ್ನ ಕೆಳಹೊಟ್ಟಿ ಮ್ಯಾಲ ಒತ್ತಿ ಶುರು ಮಾಡಿದ್ಳು.

"ನನಗಂತೂ ಇಲ್ಲಿ ಕಂಟ್ರೋಲೇ ಇಲ್ರವ್ವಾ. ಕೆಮ್ಮಿದ್ರ ಸೀರಿ ತೊಯ್ತದ, ಸೀನಿದ್ರ ತೊಯ್ತದ. ನಕ್ರಂತೂ ಕೇಳಬ್ಯಾಡ್ರಿ. ಅದಕ್ಕೇ ನಾ ನಿಮ್ಮ ಕಾಕಾನ ಮಾರಿ ನೋಡೂದೇ ಬಿಟ್ಟೀನಿ!"

"ಅಯ್ಯ ಕಾಕು! ಮೈಮ್ಯಾಲ ಇಟ್ಟು ಹೇಳಬ್ಯಾಡ್ರಿ!" ಅಂತ ಒದರಿದ್ರು. ಒದರಿಕೋತ ನಕ್ರು. ನಗು ತಣ್ಣಗಾದ ಮ್ಯಾಲ ಸೊಂಟದ ಬಾಯಿ ಸಣ್ಣ ದನಿಲೆ ಅಂದ್ಳು, "ಕಾಕು... ನನಗೂ ರೀ. ಮೂರನೇ ಬಾಣಂತನ ಆದಾಗಿಂದ."

"ಮತ್ತ! ನನಗೂ ಹಂಗೇ ಆಗ್ತದ ಅಂದೆ ಇಲ್ಲೋ?"

ಆವತ್ತಿಂದ ಅದೇ ಅಕಿ ಮಂತ್ರ. ಬಿಳಿ ಹೋಗ್ತದ ಅಂದ್ರ, ನನಗೂ ಹಂಗೇ ಆಗ್ತದ. ತಲಿ ತಿರಗ್ತದ, ನನಗೂ. ರಾತ್ರಿ ಎದಿ ಧಡಧಡ ಅಂತದ, ನಿದ್ದಿ ಬರಂಗಿಲ್ಲ, ಸುಮ್ಮ ಸುಮ್ಮನ ಅಳು ಬರ್ತದ, ಅದೂ ನನಗೂ. ಮ್ಯಾಲಿನ ಮನಿ ಮುದುಕಿಯರು ಮೆಟ್ಟಿಲಿಗಿ ಹೆದರಿ ತಿಂಗಳುಗಟ್ಟಲೆ ಕೆಳಗೇ ಇಳದಿಲ್ಲ ಅಂಬೂದೂ ಹಂಗೇ ಗೊತ್ತಾಗಿದ್ದು. ಚಟ ಎಷ್ಟಾಯ್ತಂದ್ರ, ಒಬ್ಬ ಅಜ್ಜಾ "ಗಡ್ಡಾ ಕೆರಸಿಕೊಂಡ್ರ ಗದ್ದಾ ಉರೀತದ" ಅಂದ್ರ ಕಾಕು ಜಬರದಸ್ತ್ ತಲಿ ಅಲ್ಲಾಡಿಸಿ ಅಂದ್ಳು, "ನನಗೂ ಹಂಗೇ ಆಗ್ತದ!"

ಅಜ್ಜಾ ಕನ್ನಡಕ ಮ್ಯಾಲ ಮಾಡಿ ನೋಡಿದ. "ನೀ ಯಾವ ಕಟಿಂಗ್ ಅಂಗಡಿಗಿ ಹೋಗ್ತೀಯವ್ವಾ?"

ಹೊರಗ ಬಂದ ಮ್ಯಾಲ ಕೇಳಿದೆ, "ಕಾಕು, ಖರೇ ಹೇಳ್ರಿ, ನಿಮಗ ಇವೆಲ್ಲಾ ಅವ?"

"ಥೂ! ನನಗೇನ್ ಧಾಡಿ ಆಗ್ಯದ? ಎತ್ತಿನಂಗ ಅದೀನಿ."

"ಮತ್ತ ಸುಳ್ಳ ಯಾಕ?"

"ಪೋರಿ, ನಮ್ಮೂರಾಗ ಹೆಂಗಸ್ರು ಹಳ್ಳಕ್ಕ ಝಳಕಾ ಮಾಡ್ಲಾಕ ಹೋಗ್ತಿದ್ವಿ. ಎಲ್ಲಾರೂ ದಂಡಿ ಮ್ಯಾಲ ಸೀರಿ ಹಿಡ್ಕೊಂಡು ನಿಲ್ಲೂದು. ಒಬ್ಬಕಿ ಮೊದ್ಲ ಇಳದ್ರ ಉಳಿದವ್ರು ಧಪ್ ಧಪ್ ಅಂತ ಇಳೀತಿದ್ರು. ನಾ ಮೊದ್ಲ ಇಳ್ಯಾಕಿ, ಅಷ್ಟೇ."

"ಮೈಮ್ಯಾಲ ಇಟ್ಟಗೋತೀರಿ, ಹೆದರಿಕಿ ಇಲ್ಲೇನ್ರಿ?"

"ವಿಹಾರಕ್ಕ ಹೋಗಿ ಇಷ್ಟ ವರ್ಷ ಕಲ್ತಿದ್ದೇನು ಮತ್ತ? ಬ್ಯಾನಿಗೇನ್ ಕಿವಿ ಅವೇನು, ಕರದ್ರ ಬರ್ಲಾಕ?"

ನಮ್ಮ ಮ್ಯಾಲಿನ ಮನ್ಯಾಗ ಒಬ್ಬಾಕಿ ಸೊಸಿ ಇದ್ಳು. ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ ಪೋರಿ, ಚೊಚ್ಚಲ ಕೂಸಿನ ತಾಯಿ. ಒಂದಿನ ಹೆಂಗಸರ ನಡುವ ಕಾಕು ತನ್ನ ಬ್ಯಾನಿಗಳ ಮೆರವಣಿಗಿ ತಗದಿದ್ಳು. ಒಂದೊಂದೇ ಹೇಳಿಕೋತ ಕರೀ ಬೆರಳು ಎಡಗಡಿ ಎದಿ ಮ್ಯಾಲ ಇಟ್ಟು, "ಇಲ್ಲೊಂದ ಗಂಟೂ ಅದ ನನಗ" ಅಂದ್ಳು. ಆ ಪೋರಿ ಮಾರಿ ಸುಣ್ಣದಂಗ ಆಯ್ತು. ಕೂಸಿಗಿ ಎತ್ತಿಕೊಂಡು ಎದ್ದು ಹೋದ್ಳು. ಮರುದಿನ ಮುಂಜಾನಿ ತವರಮನಿಗಿ ಹೋಗೇಬಿಟ್ಟಿದ್ಳು.

ಕಾಕು ಮಿಶ್ರಿ ಅರ್ಧಕ್ಕೇ ಉಗುಳಿ ನನ್ನ ಬಾಗಲಾ ಬಡದ್ಳು. "ಪೋರಿಗಿ ಗಂಟ ಅದ. ನಡಿ, ಚಿಂಚೋಳಿಗಿ."

ಭಾಲ್ಕಿಗಿ ಒಂದ್ ಬಸ್ಸು, ಅಲ್ಲಿಂದ ಇನ್ನೊಂದ್ ಬಸ್ಸು. ಹೋದ್ರ ಪೋರಿ ಪಡಸಾಲ್ಯಾಗ ತೊಗರಿ ಹಸನ ಮಾಡ್ಕೋತ ಕೂತಿದ್ಳು. ನಮಗ ನೋಡಿ ಮೊರ ಕೆಳಗಿಟ್ಟು ಅಳ್ಲಾಕ ಶುರು ಮಾಡಿದ್ಳು.

"ಅತ್ತಿಗಿ ಗೊತ್ತಾದ್ರ ಕೂಸಿಗಿ ಹಾಲು ಕುಡ್ಸಬ್ಯಾಡ ಅಂತಾರ್ರಿ ಕಾಕು. ನನ್ನ ಗಂಡಗ ಇನ್ನೊಂದು ಲಗ್ನಾ ಮಾಡ್ತಾರ."

"ಅಗಂ ಹುಚ್ಚಿ! ಗಂಟಿದ್ದವರಿಗೆಲ್ಲಾ ಸವತಿ ಬಂದ್ರ ನನಗ ಮೊದ್ಲ ಬರಬೇಕಾಗಿತ್ತು."

"ನಿಮ್ಗ ಖರೇನೇ ಅದೇನ್ರಿ? ನೀವು ಎಲ್ಲಾರಿಗೂ 'ನನಗೂ' ಅಂತೀರಿ."

ಕಾಕು ನನ್ನ ಕಡಿ ನೋಡ್ಲಿಲ್ಲ. "ಇದು ಖರೇ," ಅಂದ್ಳು. "ನಡಿ ದವಾಖಾನಿಗಿ. ನೀ ತೋರಿಸಿದ್ರ ನಾನೂ ತೋರಿಸ್ತೀನಿ."

ಪೋರಿ ಮೂಗು ಒರಸ್ಕೊಂಡು ಅಂದ್ಳು, "ಮೊದ್ಲ ನೀವು."

"ಮೊದ್ಲ ನಾನೇ."

ಬೀದರದ ದೊಡ್ಡ ದವಾಖಾನ್ಯಾಗ ಮಾತಿನ ಪರಕಾರ ಕಾಕು ಮೊದ್ಲ ಹೋಗಿ ಮಲಕೊಂಡ್ಳು. ಡಾಕ್ಟರಬಾಯಿ ಮುಟ್ಟಿ ನೋಡಿದ್ಳು. ಮತ್ತೊಮ್ಮಿ ನೋಡಿದ್ಳು.

"ಇದು ಯಾವಾಗಿಂದ ಅದ ಅಮ್ಮಾ?"

"ಯಾವುದ್ರಿ?"

"ಈ ಗಂಟು."

ಕಾಕು ಮಲಕೊಂಡಲ್ಲೇ ಪರದೆ ಸರಿಸಿ ನನಗ ನೋಡಿದ್ಳು. ಆ ಮಾರಿ ನಾ ಸಾಯೂತನಕ ಮರಿಯಂಗಿಲ್ಲ. ನಗಲೋ ಅಳಲೋ ಅಂಬೂದು ಅಕಿಗೇ ತಿಳೀವಲ್ದು. "ಏ ಪೋರಿ," ಅಂದ್ಳು, "ಖರೇನೇ ಸಿಕ್ತಲ್ಲ ಇದು!"

ಚಿಂಚೋಳಿ ಪೋರಿದು ಹಾಲಿನ ಗಂಟು, ಕೆಲವೇ ದಿನದಾಗ ಕರಗಿ ಹೋಯ್ತು, ಅಕಿ ಅತ್ತಿ ಮನಿಗಿ ವಾಪಸ್ ಬಂದ್ಳು. ಕಾಕುನ್ನ ಹೈದ್ರಾಬಾದಕ್ಕ ಕರ್ಕೊಂಡು ಹೋದ್ರು, ಆಪರೇಷನ್ ಆಯ್ತು.

ಈ ಕಡಿ ಕಾಲೋನ್ಯಾಗ ಒಂದೇ ಮಾತು: ಮೈಮ್ಯಾಲ ಇಟ್ಟಗೊಂಡು ಹೇಳಿದ್ಳು, ಬಂತು. ಬಾಗಲಾ ಎಲ್ಲಾ ಮತ್ತ ಮುಚ್ಚಿದ್ವು. ಸೊಂಟದ ಬಾಯಿ ನನಗ ನೋಡಿ ಕೈ ಮುಗದ್ಳು. "ನಾ ಹೇಳಿದ್ದೆಲ್ಲಾ ಅಳಿಸಿಬಿಡವ್ವಾ. ನಾ ಆರಾಮ ಅದೀನಿ." ಒಬ್ಬಕಿ ಅಂದಿದ್ದೇ ತಡ, ಎಲ್ಲಾರೂ ಅದೇ ಅಂದ್ರು. ಇನ್ನ ಲೇಡಿ ಡಾಕ್ಟರು ಬರಂಗಿಲ್ಲ ಅಂತ ನಾ ಕೈ ಚೆಲ್ಲಿ ಕೂತೆ.

ಕಾಕು ವಾಪಸ್ ಬಂದಾಗ ತಲಿ ಮ್ಯಾಲ ಒಂದ್ ಕೂದಲಾ ಇರಲಿಲ್ಲ, ಕಾಕಾನ ಮಫ್ಲರ್ ಸುತ್ತಿಕೊಂಡಿದ್ಳು. ನಾ ಹೇಳಬಾರದು ಅಂತ ಇದ್ದೆ, ಅಕಿ ಬಿಡ್ಲಿಲ್ಲ, ನನ್ನ ಬಾಯಿಂದ ಎಲ್ಲಾ ತಗದ್ಳು. ಕೇಳಿ ಎದ್ದೇಬಿಟ್ಳು. ಕಾಕಾ ಆವತ್ತು ಬಾಯಿ ಬಿಟ್ರು: "ಕೂಡು! ಸಾಯ್ತಿ!"

"ಸತ್ರ 'ಹೇಳಿದ್ದಕ್ಕೇ ಸತ್ಳು' ಅಂತಾರಲ್ರಿ. ಅದಕ್ಕೇ ಹೊಂಟೀನಿ."

ಒಂದೊಂದ್ ಮೆಟ್ಟಿಲಿಗಿ ಕೂತು ಕೂತು ಹತ್ತಿದ್ಳು. ಹೆಂಗಸರೆಲ್ಲಾ ಹೊರಗ ಬಂದು ನಿಂತ್ರು, ಹತ್ತಿರ ಮಾತ್ರ ಯಾರೂ ಬರ್ಲಿಲ್ಲ. ಕಾಕು ಉಸರ್ ಬಿಟ್ಟುಕೋತ ಅಂದ್ಳು, "ಬಂದಿಲ್ರವ್ವಾ. ಇತ್ತು. ಹೇಳಿದ್ದಕ್ಕ ಬಂದಿಲ್ಲ, ಹೇಳಿದ್ದಕ್ಕ ಸಿಕ್ತು."

ಸೊಂಟದ ಬಾಯಿ ಕಡಿಮಿ ಅಲ್ಲ. "ಹಂಗಾದ್ರ ನಾವು ಹೇಳಿದ್ರ ನಮಗೂ ಸಿಗ್ತದಲ್ರಿ!"

"ಸಿಗ್ಲಿ! ಹಾಸಿಗ್ಯಾಗ ಚೇಳ ಅದ ಅಂದ್ರ ಸಿಗೂದ ಚಲೋನೋ, ಸಿಗದೇ ಮಲಗೂದ ಚಲೋನೋ?"

ಚಿಂಚೋಳಿ ಪೋರಿ ಕೂಸಿಗಿ ಅತ್ತಿ ಕೈಯಾಗ ಕೊಟ್ಟು, ಕಾಕುನ ಬಾಜೂಕ ಮೆಟ್ಟಿಲ ಮ್ಯಾಲ ಕೂತ್ಳು. ಎಲ್ಲಾರ ಎದುರಿಗಿ, ಅತ್ತಿ ಎದುರಿಗಿನೂ, ತನ್ನ ಕೈ ತನ್ನ ಎದಿ ಮ್ಯಾಲ ಇಟ್ಟು ಅಂದ್ಳು, "ನನಗೂ ಇತ್ತು. ಹೋಯ್ತು. ಕಾಕು ಕರ್ಕೊಂಡು ಹೋಗಿದ್ರು." ಅತ್ತಿ ಬಾಯಿ ತೆರದಾಕಿ ತೆರದಂಗೇ ನಿಂತ್ಳು. ಸೊಂಟದ ಬಾಯಿ ನನ್ನ ಕಡಿ ತಿರುಗಿ ಸಿಟ್ಟಿಲೆ ಅಂದ್ಳು, "ಅಳಿಸಿದಿ ಏನು? ಅಳಿಸಿದ್ರ ಮತ್ತ ಬರಿ."

ಲೇಡಿ ಡಾಕ್ಟರು ಬಂದ್ರು. ಇವತ್ತಿಗೂ ವಾರಕ್ಕೊಮ್ಮಿ ಬರ್ತಾರ. ಮೆಟ್ಟಿಲು ಇಳಿಯಾಕ ಆಗದವರ ಮನಿಗಿ ಅವರೇ ಹತ್ತಿ ಹೋಗ್ತಾರ.

ಕಾಕು ಕೆಲವು ವರ್ಷ ಚಲೋ ಇದ್ಳು. ಕೂದಲಾ ಬಂದ್ವು, ಬೈಗುಳಾನೂ ಬಂದ್ವು. ಆಮ್ಯಾಲ ಬ್ಯಾನಿ ಎಲುಬಿನಾಗ ಹೊಕ್ಕಿತು. ಕಡೀ ದಿನದಾಗ ನಾ ಮಂಚದ ಬಾಜೂಕ ಕೂತು ಕೇಳಿದೆ, "ಹ್ಯಾಂಗ ಅದೀರಿ ಕಾಕು?"

"ಆರಾಮ ಅದೀನಿ."

ಇಲ್ಲದ ಬ್ಯಾನಿ ಎಲ್ಲಾ ತನ್ನದೇ ಅಂದಾಕಿ, ಇದ್ದ ಬ್ಯಾನಿಗಿ ಆರಾಮ ಅಂದ್ಳು ನೋಡ್ರಿ. ಹಲ್ಲು ಕಚ್ಚಿದ್ದು ಕಾಣ್ತಿತ್ತು. ಕಾಲು ತಿಕ್ಕಲಾಕತ್ತಿದ್ದ ಚಿಂಚೋಳಿ ಪೋರಿ ತಲಿ ಎತ್ತದೇ ಅಂದ್ಳು, "ಕಾಕು, ನನಗ ಎಲುಬಿನಾಗ ಸೂಜಿ ಆಡಿಸಿದಂಗ ಆಗ್ತದ್ರಿ. ರಾತ್ರಿ ಒದರಬೇಕು ಅನಸ್ತದ."

ಕಾಕು ಅಕಿನ್ನೇ ನೋಡ್ಕೋತ ಉಳದ್ಳು. ಸುಳ್ಳ ಅಂತ ಅಕಿಗಿ ಗೊತ್ತಾಗದೇ ಇರ್ತದೇನು, ತನ್ನದೇ ಸುಳ್ಳ ಅದು! ತುಟಿ ಜರಾ ನಕ್ಕಂಗ ಆಯ್ತು. ಆಮ್ಯಾಲ ಕೈ ಎತ್ತಿದ್ಳು. ಮಿಶ್ರಿ ಬಿಟ್ಟು ವರ್ಷ ಆಗಿದ್ವು, ಬೆರಳು ತೊಳದಂಗ ಬೆಳ್ಳಗಾಗಿತ್ತು. ಸೊಂಟದ ಮ್ಯಾಲ ಇಟ್ಟು, "ನನಗೂ ಹಂಗೇ ಆಗ್ತದ," ಅಂದ್ಳು. "ಇಲ್ಲಿ." ಅಂದು ಜೋರಾಗಿ ಅತ್ಳು. ಕಾಕಾ ಬೀಡಿ ಒಗದು ಒಳಗ ಓಡಿ ಬಂದ್ರು. ಆವತ್ತೇ ಡಾಕ್ಟರಿಗಿ ಕರದು ನೋವಿನ ಔಷಧ ಬದಲಿ ಮಾಡ್ಸಿದ್ವಿ. ಕಡೀ ದಿನ ನಿದ್ದಿ ಮಾಡ್ಕೋತ ಹೋದ್ಳು.

ಈಗ ನಾನೂ ಅಕಿ ವಯಸ್ಸಿನ ಹತ್ತಿರ ಬಂದೀನಿ. ಈ ಪೋಸ್ಟ್ ಓದ್ಲಾಕತ್ತ ಅಕ್ಕ-ತಂಗ್ಯಾರೇ, ನಿಮ್ಮ ತಬಿಯತ್ ಹ್ಯಾಂಗ ಅದ ಅಂತ ನಾ ಕೇಳಿದ್ರ ಕೆಳಗ ಎಲ್ಲಾರೂ 'ಆರಾಮ' ಅಂತ ಬರೀತೀರಿ, ನನಗ ಗೊತ್ತದ. ಅದಕ್ಕ ಹಳ್ಳಕ್ಕ ಮೊದ್ಲ ನಾನೇ ಇಳೀತೀನಿ. ಕೆಮ್ಮಿದ್ರ, ಸೀನಿದ್ರ, ಜೋರಾಗಿ ನಕ್ರ ನನಗೂ ಸೀರಿ ತೊಯ್ತದ.

ಖರೇನೋ ಸುಳ್ಳೋ ಕೇಳಬ್ಯಾಡ್ರಿ. ಈಗ ನೀವು ಹೇಳ್ರಿ.