ಒಂದೇ ಸಲ ತೆರೆದ ಗುಲಾಬಿ ಪೆಟ್ಟಿಗೆ

ಬೆಳಗಿನ ಐದೂವರೆ. ಹೊರಗೆ ಹಿಮ ಹೆಪ್ಪುಗಟ್ಟಿ ಕೂತಿದೆ. ನ್ಯೂಜೆರ್ಸಿಯ ವಿಮಾನ ನಿಲ್ದಾಣವೊಂದರ ಸರಕು ಶೆಡ್‌ನಲ್ಲಿ ಕಲಾ ತಿಪ್ಪಣ್ಣ ಮಾತ್ರ ಸ್ವೆಟರಿನ ತೋಳು ಮೇಲೆ ಸರಿಸಿಕೊಂಡು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಾರೆ. ಕೊಲಂಬಿಯಾದಿಂದ ಕೆಂಗುಲಾಬಿ ಬಂದಿಳಿದಿದೆ, ನಾಡಿದ್ದೇ ಪ್ರೇಮಿಗಳ ದಿನ. "ಇವತ್ತ ನಮ್ಮ ಪರೀಕ್ಷಾ ಐತ್ರೀ. ಪಾಸಾದ್ರ ಪೇಢೆ, ಇಲ್ಲಾಂದ್ರ ಮನಿ!" ಎಂದು ನಗುತ್ತಾರೆ.

ಅದೆಂಥ ಪರೀಕ್ಷೆ ಅಂತೀರಾ? ಇಷ್ಟು ದಿನ ಇಲ್ಲಿ ಹೂವಿನ ಪೆಟ್ಟಿಗೆಗಳನ್ನು ಎರಡೆರಡು ಸಲ ಬಿಚ್ಚುತ್ತಿದ್ದರು. ಕಸ್ಟಮ್ಸ್‌ನವರು ಬಂದು ತೆರೆದು, ನೋಡಿ, ಮುಚ್ಚುವುದು. ಆಮೇಲೆ ಹುಳುಹುಪ್ಪಟೆ ಹುಡುಕುವ ಕೃಷಿ ಇಲಾಖೆಯವರು ಪುರುಸೊತ್ತಾದಾಗ ಬಂದು ಮತ್ತೆ ತೆರೆಯುವುದು. ಅಷ್ಟರಲ್ಲಿ ಹೂವಿನ ಕಥೆ ಮುಗಿದಿರುತ್ತಿತ್ತು. ಈಗ ಎರಡೂ ಇಲಾಖೆಯ ಕಂಪ್ಯೂಟರ್‌ಗಳನ್ನು ಜೋಡಿಸಲಾಗಿದೆ. ಇಬ್ಬರೂ ಒಟ್ಟಿಗೆ ಬಂದು ಒಂದೇ ಸಲ ನೋಡಬೇಕು, ತಮ್ಮ ತಮ್ಮ ಕೋಣೆಗೆ ಹೋಗಿ ಪರದೆಯ ಮೇಲೆ ಒಪ್ಪಿಗೆ ಒತ್ತಬೇಕು. ಹತ್ತು ಗಂಟೆಯೊಳಗೆ ಲಾರಿ ಹೊರಡದಿದ್ದರೆ ಪ್ರಯೋಗ ಬಂದ್. ಅದನ್ನು ನೋಡಿಕೊಳ್ಳುವ ಕಲಾ ಅವರ ಗುತ್ತಿಗೆ ಕೆಲಸವೂ ಬಂದ್.

ಕಲಾ ಮೊದಲು ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್. ಎಂಜಿನಿಯರ್ ಪತಿ ತಿಪ್ಪಣ್ಣನವರ ಜೊತೆ ನ್ಯೂಜೆರ್ಸಿಯ ಮೆಟುಚೆನ್‌ಗೆ ಬಂದ ಮೇಲೆ ಕೆಲಸ ಮಾಡಲು ಬಿಡದ ವೀಸಾ ದೆಸೆಯಿಂದ ವರ್ಷಗಟ್ಟಲೆ ಮನೆಯಲ್ಲೇ ಕೂತರು. "ಅವೇ ನಾಕ ಗ್ವಾಡಿ ನೋಡಿ ನೋಡಿ ತಲಿ ಕೆಟ್ಟಿತ್ತು." ಗ್ರೀನ್ ಕಾರ್ಡ್ ಕೈಗೆ ಬಂದದ್ದೇ ತಡ, ಕಂಪ್ಯೂಟರ್ ಕ್ಲಾಸಿಗೆ ಓಡಿದರು. ಎರಡು ಸಾವಿರದ ಇಸವಿಗೆ ಕಂಪ್ಯೂಟರ್‌ಗಳನ್ನು ತಿದ್ದುವ ವೈಟುಕೆ ಭರಾಟೆಯಲ್ಲಿ ಎಲ್ಲರೂ ಕೋಡ್ ಹಿಂದೆ ಬಿದ್ದಾಗ ಇವರು ಶೆಡ್ಡಿನ ಕೆಲಸ ಹಿಡಿದರು. ದಿನಕ್ಕೆ ಇನ್ನೂರು ಪೆಟ್ಟಿಗೆಗಳ ಲೆಕ್ಕ, ಎರಡು ಇಲಾಖೆಗಳ ನಡುವೆ ಬಿಡುವಿಲ್ಲದ ಓಡಾಟ. ಹೋದ ವರ್ಷ ತಿಪ್ಪಣ್ಣ ಮೊದಲ ಬಾರಿಗೆ ಗುಲಾಬಿ ತಂದುಕೊಟ್ಟಾಗ ಅದರ ಅಂಚು ಕಪ್ಪಾಗಿತ್ತಂತೆ. "ಪಾಪ, ಇವರ ಮಾರಿ ಬಾಡಿಹೋತು. ನನಗ ಗೊತ್ತಿತ್ತು, ಅದು ನಮ್ಮ ಶೆಡ್ಡಿನಾಗ ಸತ್ತ ಹೂವು."

ಒಂಬತ್ತು ಗಂಟೆಯ ಹೊತ್ತಿಗೆ ಕಸ್ಟಮ್ಸ್‌ನ ವಿನ್ಸೆಂಟ್, ಕೃಷಿಯ ಡೋರಿಸ್ ಇಬ್ಬರೂ ಪೆಟ್ಟಿಗೆ ನೋಡಿ ಕೋಣೆ ಸೇರಿದ್ದಾರೆ. ಆದರೆ ಲಾರಿಗೆ ಬಿಡುಗಡೆ ಬರುತ್ತಿಲ್ಲ! ಒಂಬತ್ತೂಕಾಲು. ಒಂಬತ್ತೂವರೆ. ಕಲಾ ಕಂಪ್ಯೂಟರ್ ಜೋಡಿಸಿದ ಕಂಪನಿಯ ಆಫೀಸಿಗೆ ಫೋನ್ ಹಚ್ಚುತ್ತಾರೆ. ಕೋಡ್ ಬರೆದ ಮೈಸೂರಿನ ಹುಡುಗ ಅಭಿನವ್, "ಆಂಟಿ, ಸಿಸ್ಟಮ್ ಪರ್ಫೆಕ್ಟ್ಲಿ ಫೈನ್ ಇದೆ. ಟೆಸ್ಟ್ ಮಾಡ್ದಾಗ ಎರಡೂ ಕಡೆ ನಾನೇ ಕ್ಲಿಕ್ ಮಾಡಿದ್ದೆ!" ಎನ್ನುತ್ತಾನೆ.

ಅಲ್ಲೇ ಇದೆ ನೋಡಿ ಎಡವಟ್ಟು. ಕಲಾ ಎರಡೂ ಕೋಣೆಗೆ ಓಡಿ ಇಣುಕುತ್ತಾರೆ. ವಿನ್ಸೆಂಟ್ ಕೈಕಟ್ಟಿ ಕೂತಿದ್ದಾರೆ, ಡೋರಿಸ್ ಒಪ್ಪಲಿ, ಆಮೇಲೆ ನಾನು ಅಂತ. ಆ ಕೋಣೆಯಲ್ಲಿ ಡೋರಿಸ್ ಕೂಡ ಹಾಗೇ, ವಿನ್ಸೆಂಟ್ ಮೊದಲಾಗಲಿ ಅಂತ. ಕಸ್ಟಮ್ಸ್ ನೋಡಿದ ಮೊಹರಿದ್ದರೆ ಕೃಷಿಯದು, ಕೃಷಿಯದು ಬಿದ್ದ ಮೇಲೆ ಕಸ್ಟಮ್ಸ್‌ನ ಬಿಡುಗಡೆ ಮೊಹರು; ಹೀಗೆ ಇನ್ನೊಬ್ಬರದು ನೋಡಿಯೇ ತಮ್ಮದು ಹಾಕಿದ ಕೈಗಳು ಅವು! ಯಾರು ಮೊದಲು ಒತ್ತಬೇಕೆಂದು ಯಾರೂ ಯಾರನ್ನೂ ಕೇಳಿಯೇ ಇಲ್ಲ. ಹೂವು ಮಾತ್ರ ಕಾಯುತ್ತಿದೆ.

ಕಲಾ ವಾದಕ್ಕೆ ಇಳಿಯುವುದಿಲ್ಲ. ಹಳೇ ಆಪರೇಟರ್ ಅಲ್ಲವೇ, ಇಬ್ಬರನ್ನೂ ಒಂದೇ ಫೋನ್ ಲೈನಿಗೆ ತರುತ್ತಾರೆ. ನಾನು ಮೂರು ಎಣಿಸುತ್ತೇನೆ, ಇಬ್ಬರೂ ಒಟ್ಟಿಗೆ ಒತ್ತಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಗಾಬರಿಯಲ್ಲಿ ಕನ್ನಡದಲ್ಲೇ "ಒಂದ, ಎರಡ, ಮೂರ!" ಎಂದುಬಿಡುತ್ತಾರೆ. ಇಬ್ಬರಿಗೂ ಅರ್ಥವಾಗಿದೆ! ಪರದೆ ಹಸಿರಾಗುತ್ತದೆ. ಶೆಡ್‌ನವರೆಲ್ಲ ಹೋ ಎಂದು ಚಪ್ಪಾಳೆ ತಟ್ಟುತ್ತಿದ್ದಂತೆ, ಹತ್ತಕ್ಕೆ ಇನ್ನೂ ಸಮಯವಿರುವಾಗಲೇ ಲಾರಿ ಗೇಟು ದಾಟುತ್ತದೆ. ಯಾರು ಮೊದಲು ಒತ್ತಿದರೂ ಸರಿ ಎಂದು ಪರದೆಯ ಮೇಲೇ ಬರೆಯಲು ಅಭಿನವ್ ಅಂದೇ ಕೂರುತ್ತಾನೆ. ಪ್ರಯೋಗ ಮುಂದುವರಿಯುತ್ತದೆ, ಕಲಾ ಅವರ ಕೆಲಸವೂ.

ಈ ಸಂಗತಿ ಯಾವ ಪತ್ರಿಕೆಯಲ್ಲೂ ಬಂದಿಲ್ಲವಲ್ಲ ಎಂದರೆ, "ಲೈನ್ ಕೂಡಿದ ಮ್ಯಾಲ ಆಪರೇಟರ್‌ನ ಯಾರ ನೆನಸ್ತಾರ್ರೀ? ಮಾತಾಡೋರು ಮಾತಾಡಿದ್ರ ಸಾಕು," ಎನ್ನುತ್ತಾರೆ.

ಪ್ರೇಮಿಗಳ ದಿನದ ಸಂಜೆ ಮೆಟುಚೆನ್ ಸ್ಟೇಷನ್. ರೈಲಿಳಿದು ಬಂದ ತಿಪ್ಪಣ್ಣ ಕೋಟಿನೊಳಗಿಂದ ಒಂದು ಕೆಂಗುಲಾಬಿ ತೆಗೆದು, ಹೋದ ವರ್ಷದ್ದು ನೆನಪಾಗಿ, ಅಂಜುತ್ತಲೇ ಹೆಂಡತಿಯ ಮುಂದೆ ಹಿಡಿಯುತ್ತಾರೆ. ಕಲಾ ಅದನ್ನು ದೀಪದ ಕೆಳಗೊಯ್ದು, ಎಸಳು ಎಸಳು ಬಿಡಿಸಿ ನೋಡುತ್ತಾರೆ. ಆಮೇಲೆ ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳುತ್ತಾರೆ:

"ಒಂದ ಪಕಳಿನೂ ಬಾಡಿಲ್ಲ ನೋಡ್ರೀ!"